ಮಗನ ಹುಬ್ಬಿನ ಮೂಳೆ ನಿಯಾಂಡರ್ತಾಲರಿಂದ ಬಂದದ್ದಾ? ತಿಳಿದವರು ಹೇಳಿ

ಅರಕಲಗೂಡಿನವ | ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಮನೆಯ ಗಂಡಸರಿಗೆಲ್ಲ ಹುಬ್ಬಿನ ಮೂಳೆ ಮುಂದಕ್ಕೆ ಬಂದಿದೆ. ತಾತನಿಗೆ ಹಾಗೇ ಇತ್ತು, ಅಪ್ಪನಿಗೆ ಇತ್ತು, ನನಗೂ ಇದೆ. ಮೂಗು ದೊಡ್ಡದು. ಹಣೆ ಹಿಂದಕ್ಕೆ ಜಾರಿದೆ. ನಾನು ಶಾಲೆಯಲ್ಲಿದ್ದಾಗ ನನ್ನನ್ನು 'ಕಾಡುಮನುಷ್ಯ' ಅಂತ ಕರೆಯುತ್ತಿದ್ದರು. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೂ ಅದೇ ಹೆಸರು. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಇದೆ. ಅದರಲ್ಲಿ ನಾನೊಬ್ಬನೇ ತಲೆ ತಗ್ಗಿಸಿ ನಿಂತಿದ್ದೇನೆ.

ಈಗ ಮಗ ಒಂಬತ್ತನೇ ಕ್ಲಾಸು. ಮೊನ್ನೆ ಶಾಲೆಯಿಂದ ಬಂದವನು ಊಟ ಮಾಡಲಿಲ್ಲ. ಕೇಳಿದ್ದಕ್ಕೆ "ಅಪ್ಪಾ, ನನ್ನನ್ನ ನಿಯಾಂಡರ್ತಾಲ್ ಅಂತಾರೆ" ಅಂದ. ಆಮೇಲೆ ಅವನೇ ಮೊಬೈಲಿನಲ್ಲಿ ಹುಡುಕಿ ಓದಿದ್ದಾನೆ. ಅಳಿದುಹೋದ ಮಾನವರ ಜೀನುಗಳು ಇವತ್ತಿಗೂ ನಮ್ಮ ಮೂಗು, ತಲೆಬುರುಡೆ, ಹಲ್ಲಿನ ಆಕಾರದ ಮೇಲೆ ಕೆಲಸ ಮಾಡುತ್ತವೆ ಅಂತ ಅಲ್ಲಿ ಬರೆದಿತ್ತಂತೆ. ರಾತ್ರಿ ಕನ್ನಡಿ ಮುಂದೆ ನಿಂತು ಹುಬ್ಬು ಮುಟ್ಟಿ ನೋಡಿಕೊಳ್ಳುತ್ತಿದ್ದ. "ಹಾಗಾದ್ರೆ ಅವರು ಹೇಳೋದು ನಿಜಾನಾ?" ಅಂತ ಕೇಳಿದ.

ನಾನು ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಮಗನಿಗೆ ಸುಳ್ಳು ಸಮಾಧಾನ ಹೇಳಲು ಇಷ್ಟವಿಲ್ಲ. ನಿಜ ಏನಿದೆಯೋ ಅದನ್ನೇ ಹೇಳಿ. ಅವನ ಪಕ್ಕ ಕೂತು ಓದಿಸುತ್ತೇನೆ.

ಸಕಲೇಶಪುರ ಮಳೆ | 8:52

ಅಣ್ಣಾ, ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಮಗನಿಗೆ ಊಟ ಮಾಡಲು ಹೇಳಿ. ಇಲ್ಲಿ ತಿಳಿದವರು ಇದ್ದಾರೆ, ಬರೆಯುತ್ತಾರೆ.

ಬೇಲೂರು ವಿಜ್ಞಾನ ಟೀಚರ್ | 9:30

ನಾನು ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಮೊದಲು ಆ ಹೆಸರಿನ ಬಗ್ಗೆ ಹೇಳುತ್ತೇನೆ. ಬೈಗುಳವಾಗಿ ಬಳಸುವ ಮಕ್ಕಳಿಗೆ ಆ ಹೆಸರು ಯಾರದ್ದು ಅಂತಲೇ ತಿಳಿದಿರುವುದಿಲ್ಲ.

ಜರ್ಮನಿಯ ಡ್ಯೂಸೆಲ್ಡಾರ್ಫ್ ಹತ್ತಿರ ನಿಯಾಂಡರ್ ಅನ್ನುವ ಕಣಿವೆ ಇದೆ. 1856ರಲ್ಲಿ ಅಲ್ಲಿ ಸುಣ್ಣಕಲ್ಲು ತೆಗೆಯುವಾಗ ಮೂಳೆಗಳು ಸಿಕ್ಕವು. ಹಾಗಾಗಿ ಆ ಹಳೆಯ ಮಾನವರಿಗೆ ಆ ಹೆಸರು. ಅವರು ಯುರೋಪಿನಲ್ಲಿ, ಪಶ್ಚಿಮ ಮತ್ತು ಮಧ್ಯ ಏಷ್ಯಾದಲ್ಲಿ ಲಕ್ಷಾಂತರ ವರ್ಷ ಬಾಳಿದರು. ಸುಮಾರು 40,000 ವರ್ಷಗಳ ಹಿಂದೆ ಅಳಿದುಹೋದರು. ಗಟ್ಟಿ ಮೂಳೆ, ಅಗಲ ಎದೆ, ದೊಡ್ಡ ಮೂಗು, ದಪ್ಪ ಹುಬ್ಬಿನ ಮೂಳೆ, ಗದ್ದದ ತುದಿ ಇಲ್ಲ. ಮಿದುಳು ನಮ್ಮಷ್ಟೇ ದೊಡ್ಡದು, ಕೆಲವರದ್ದು ನಮಗಿಂತ ತುಸು ಜಾಸ್ತಿ. ಬೆಂಕಿ ಬಳಸುತ್ತಿದ್ದರು. ಕಲ್ಲಿನ ಚೂಪಾದ ಆಯುಧ ಮಾಡುತ್ತಿದ್ದರು.

ಮಗನಿಗೆ ಒಂದು ಸಂಗತಿ ತಪ್ಪದೆ ಓದಿಸಿ. ಇರಾಕಿನ ಶಾನಿದಾರ್ ಗುಹೆಯಲ್ಲಿ ಒಬ್ಬ ನಿಯಾಂಡರ್ತಾಲ್ ಗಂಡಸಿನ ಅಸ್ಥಿಪಂಜರ ಸಿಕ್ಕಿದೆ. ಅವನ ಮುಖದ ಒಂದು ಪಕ್ಕಕ್ಕೆ ಜೋರಾಗಿ ಪೆಟ್ಟು ಬಿದ್ದಿತ್ತು. ಬಲಗೈ ಒಣಗಿಹೋಗಿತ್ತು, ಮೊಣಕೈಯಿಂದ ಕೆಳಗಿನ ಭಾಗವೇ ಇರಲಿಲ್ಲ. ಕಾಲಿನಲ್ಲೂ ದೋಷ ಇತ್ತು. ಅಷ್ಟಾದರೂ ಆ ಗಾಯಗಳೆಲ್ಲ ವಾಸಿಯಾಗಿ ಎಷ್ಟೋ ವರ್ಷ ಬದುಕಿದ. ಆ ಕಾಲಕ್ಕೆ ಅವನು ಮುದುಕನೇ. ಒಂಟಿಯಾಗಿ ಹಾಗೆ ಬದುಕಲು ಆಗುವುದಿಲ್ಲ. ಯಾರೋ ಅವನಿಗೆ ಊಟ ಕೊಟ್ಟಿದ್ದಾರೆ, ಜೊತೆಗೆ ಕರೆದುಕೊಂಡು ಹೋಗಿದ್ದಾರೆ.

ಇನ್ನು ಜೀನಿನ ಮಾತು. ಸ್ವಾಂಟೆ ಪಾಬೊ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದು, 2010ರಲ್ಲಿ ನಿಯಾಂಡರ್ತಾಲರ ಜೀನುಗಳ ಮೊದಲ ನಕ್ಷೆ ಕೊಟ್ಟರು. ನಮ್ಮ ಹಿರಿಯರು ಆಫ್ರಿಕಾದಿಂದ ಹೊರಗೆ ಬಂದಾಗ ಅವರ ಜೊತೆ ಬೆರೆತು ಮಕ್ಕಳಾದವು ಅನ್ನುವುದು ಆಗ ತಿಳಿಯಿತು. ಅದೇ ವರ್ಷ ಸೈಬೀರಿಯಾದ ಡೆನಿಸೋವಾ ಗುಹೆಯ ಒಂದು ಪುಟ್ಟ ಬೆರಳಿನ ಮೂಳೆಯಿಂದ ಇನ್ನೊಂದು ಗುಂಪು ಗೊತ್ತಾಯಿತು. ಅವರೇ ಡೆನಿಸೋವನ್ನರು. ಈ ಕೆಲಸಕ್ಕೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಆಫ್ರಿಕಾದ ಹೊರಗಿನ ಪ್ರತಿಯೊಬ್ಬರ ಡಿಎನ್‌ಎಯಲ್ಲೂ ಶೇ. 1ರಿಂದ 2ರಷ್ಟು ನಿಯಾಂಡರ್ತಾಲರದ್ದು. ಮಗನಲ್ಲೂ ಇದೆ, ಅವನನ್ನು ಆಡಿಕೊಂಡವರಲ್ಲೂ ಇದೆ, ನನ್ನಲ್ಲೂ ಇದೆ.

ಹುಬ್ಬು ಮೂಗಿನ ಪ್ರಶ್ನೆಗೆ ಕಡೂರಿನ ಹುಡುಗಿ ಉತ್ತರ ಕೊಟ್ಟರೆ ಚೆನ್ನ. ಅವಳು ಓದುತ್ತಿರುವುದೇ ಅದನ್ನು.

ಅರಸೀಕೆರೆ ತೆಂಗು | 9:48

ಟೀಚರ್, ಒಂದು ಅನುಮಾನ. ಚಿಂಪಾಂಜಿಗೂ ನಮಗೂ ಶೇ. 98ಕ್ಕಿಂತ ಜಾಸ್ತಿ ಡಿಎನ್‌ಎ ಒಂದೇ ಅಂತಾರೆ. ಈಗ ನಿಯಾಂಡರ್ತಾಲ್ ಬರೀ ಶೇ. 2 ಅಂತೀರಿ. ಹಾಗಾದರೆ ಚಿಂಪಾಂಜಿಯೇ ನಮಗೆ ಹತ್ತಿರ ಆಯಿತಲ್ಲ?

ಬೇಲೂರು ವಿಜ್ಞಾನ ಟೀಚರ್ | 10:05

ಒಳ್ಳೆಯ ಪ್ರಶ್ನೆ ಸರ್. ಪ್ರತಿ ವರ್ಷ ಒಬ್ಬ ಹುಡುಗನಾದರೂ ಇದನ್ನು ಕೇಳುತ್ತಾನೆ. ಇವು ಎರಡೂ ಬೇರೆ ಬೇರೆ ಲೆಕ್ಕ.

ನಿಮ್ಮ ಮನೆಯಲ್ಲಿ ಹಿತ್ತಾಳೆ ಚೊಂಬು ಇರುತ್ತದೆ. ಪಕ್ಕದ ಮನೆಯಲ್ಲೂ ಇರುತ್ತದೆ. ನೋಡಲು ಹೆಚ್ಚು ಕಡಿಮೆ ಒಂದೇ. ಅದು ಹೋಲಿಕೆಯ ಲೆಕ್ಕ. ಆ ಲೆಕ್ಕದಲ್ಲಿ ನಿಯಾಂಡರ್ತಾಲರೂ ನಾವೂ ಶೇ. 99.7ರಷ್ಟು ಒಂದೇ. ಚಿಂಪಾಂಜಿಗಿಂತ ತುಂಬಾ ಹತ್ತಿರ. ಆದರೆ ನಿಮ್ಮ ಅಟ್ಟದ ಮೇಲಿರುವ ಒಂದು ಚೊಂಬು ಅಜ್ಜಿ ತವರಿನಿಂದ ತಂದದ್ದು. ಅದರ ತಳದಲ್ಲಿ ತವರಿನ ಗುರುತು ಇದೆ. ಇದು ಬಂದ ದಾರಿಯ ಲೆಕ್ಕ. ಶೇ. 1ರಿಂದ 2 ಅನ್ನುವುದು ಆ ತವರಿನ ಚೊಂಬು. ಆ ತುಣುಕುಗಳು ನಮ್ಮೊಳಗೆ ಬಂದದ್ದೇ ಅವರ ಮೂಲಕ.

ಅರಸೀಕೆರೆ ತೆಂಗು | 10:09

ಈಗ ತಿಳಿಯಿತು. ಧನ್ಯವಾದ.

ಕಡೂರಿನ ಹುಡುಗಿ | 11:20

ಅಣ್ಣಾ, ಲ್ಯಾಬಿನಿಂದ ಈಗ ಬಂದೆ. ನೀವು ನಿಜ ಕೇಳಿದ್ದೀರಿ, ಹಾಗೇ ಹೇಳುತ್ತೇನೆ.

ಹುಬ್ಬಿನ ಮೂಳೆ ಮೊದಲು. ಅದು ಇವತ್ತಿನ ಮನುಷ್ಯರಲ್ಲಿ ಎಲ್ಲ ಕಡೆಯೂ ಹೆಚ್ಚು ಕಡಿಮೆ ಇರುತ್ತದೆ. ಆಫ್ರಿಕಾದಲ್ಲೂ ಇದೆ, ಯುರೋಪಿನಲ್ಲೂ ಇದೆ, ನಮ್ಮಲ್ಲೂ ಇದೆ. ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ವಯಸ್ಸಿಗೆ ಬರುವಾಗ ಬೆಳೆಯುತ್ತದೆ. ನಿಮ್ಮ ಮನೆಯಲ್ಲಿ ತಾತ, ಅಪ್ಪ, ನೀವು, ಮಗ ಅಂತ ಬಂದಿರುವುದು ಸಾಮಾನ್ಯ ವಂಶದ ಹೋಲಿಕೆ. ಅದನ್ನು ನೋಡಿ ನಿಯಾಂಡರ್ತಾಲ್ ಅಂಶ ಜಾಸ್ತಿ ಅಂತ ಹೇಳಲು ಬರುವುದೇ ಇಲ್ಲ. ನಿಯಾಂಡರ್ತಾಲರ ಹುಬ್ಬು ಎರಡೂ ಕಣ್ಣಿನ ಮೇಲೆ ಒಂದೇ ದಪ್ಪ ಕಮಾನಿನ ಹಾಗೆ ಇತ್ತು. ನಮ್ಮದು ನಡುವೆ ಉಬ್ಬಿ ಪಕ್ಕಕ್ಕೆ ತೆಳುವಾಗುತ್ತದೆ. ಮಗನನ್ನು ಕನ್ನಡಿ ಮುಂದೆ ಇನ್ನೊಮ್ಮೆ ನಿಲ್ಲಿಸಿ, ಅವನೇ ಮುಟ್ಟಿ ನೋಡಲಿ. ಗದ್ದವನ್ನೂ ಮುಟ್ಟಲಿ. ಆ ಗದ್ದದ ತುದಿ ನಮ್ಮಂಥ ಮನುಷ್ಯರಿಗೆ ಮಾತ್ರ ಇರುವುದು.

ಈಗ ಅವನು ಓದಿದ್ದು. ಅದೂ ಸುಳ್ಳಲ್ಲ.

ತಲೆಬುರುಡೆ: ನಮ್ಮದು ತೆಂಗಿನಕಾಯಿಯ ಹಾಗೆ ದುಂಡು. ಅವರದ್ದು ಪಪ್ಪಾಯಿ ಮಲಗಿಸಿದ ಹಾಗೆ ತಗ್ಗಾಗಿ, ಹಿಂದಕ್ಕೆ ಉದ್ದ. ಜರ್ಮನಿ ಮತ್ತು ನೆದರ್ಲೆಂಡ್ಸಿನ ಸಂಶೋಧಕರು ಸುಮಾರು 4,500 ಯುರೋಪಿನವರ ಎಂಆರ್‌ಐ ತೆಗೆದು ನೋಡಿದರು. ಜೀನುಗಳು ಸಾಲಾಗಿ ಕೂತಿರುವ ಎಳೆಗೆ ವರ್ಣತಂತು ಅಂತಾರೆ. ಒಂದನೇ ಮತ್ತು ಹದಿನೆಂಟನೇ ವರ್ಣತಂತುವಿನಲ್ಲಿ ನಿಯಾಂಡರ್ತಾಲ್ ತುಣುಕು ಇದ್ದವರ ತಲೆ ಒಂದು ಕೂದಲೆಳೆಯಷ್ಟು ಕಡಿಮೆ ದುಂಡು. ಕಣ್ಣಿಗೆ ಕಾಣುವುದಿಲ್ಲ. ಸಾವಿರಾರು ಜನರ ಅಳತೆ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಮಾತ್ರ ಕಾಣುತ್ತದೆ. ಅವರಿಗೆ ನಿಜವಾಗಿ ಬೇಕಿದ್ದದ್ದು ತಲೆಯ ಆಕಾರವೂ ಅಲ್ಲ. ಆ ತುಣುಕುಗಳು ಎರಡು ಜೀನುಗಳ ಹತ್ತಿರ ಇವೆ. ಒಂದು ಹೊಸ ನರಕೋಶ ಹುಟ್ಟುವುದಕ್ಕೆ, ಇನ್ನೊಂದು ನರಗಳ ಮೇಲಿನ ಹೊದಿಕೆಗೆ ಸಂಬಂಧಪಟ್ಟದ್ದು. ನಮ್ಮ ಮಿದುಳು ದುಂಡಗೆ ಬೆಳೆದದ್ದು ಹೇಗೆ ಅಂತ ತಿಳಿಯಲು ಇದು ಒಂದು ಕಿಂಡಿ.

ಮೂಗು: 2023ರಲ್ಲಿ ಲಂಡನ್ನಿನ ಒಂದು ತಂಡ, ಮೆಕ್ಸಿಕೋ, ಕೊಲಂಬಿಯಾ, ಪೆರು, ಚಿಲಿ, ಬ್ರೆಜಿಲ್‌ನ 6,000ಕ್ಕೂ ಹೆಚ್ಚು ಜನರ ಫೋಟೋ ಅಳೆದು ಡಿಎನ್‌ಎ ಜೊತೆ ಹೋಲಿಸಿ ನೋಡಿತು. ಎಟಿಎಫ್3 ಅನ್ನುವ ಜೀನಿನ ಜಾಗದಲ್ಲಿ ನಿಯಾಂಡರ್ತಾಲ್ ತುಣುಕು ಇದ್ದವರಿಗೆ ಮೂಗು ಮೇಲಿನಿಂದ ಕೆಳಕ್ಕೆ ತುಸು ಉದ್ದ. ತಣ್ಣಗಿನ ಒಣ ಗಾಳಿಯನ್ನು ಬೆಚ್ಚಗೆ ಮಾಡಿ ಒಳಗೆ ಬಿಡಲು ಉದ್ದ ಮೂಗು ಸಹಾಯ ಮಾಡಿರಬಹುದು ಅಂತ ಅವರ ಊಹೆ. ಅದೇ ಗುಂಪು ಅದಕ್ಕೂ ಮೊದಲು, 2021ರಲ್ಲಿ, ತುಟಿಯ ದಪ್ಪಕ್ಕೆ ಸಂಬಂಧಪಟ್ಟ ಡೆನಿಸೋವನ್ ತುಣುಕನ್ನು ಟಿಬಿಎಕ್ಸ್15 ಜೀನಿನ ಹತ್ತಿರ ಕಂಡಿತ್ತು. ನನಗೆ ತುಂಬಾ ಇಷ್ಟವಾದದ್ದು ಇದೇ. ಯಾಕೆಂದರೆ ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರಲ್ಲಿ ಇದೇ ಜಾಗ ಮೈಯಲ್ಲಿ ಕೊಬ್ಬು ಎಲ್ಲಿ ಸೇರಬೇಕು ಅನ್ನುವುದಕ್ಕೂ ಸೇರಿಕೊಂಡಿದೆ. ಒಂದು ಜೀನ್ ಒಂದೇ ಕೆಲಸ ಮಾಡಿಕೊಂಡು ಕೂರುವುದಿಲ್ಲ. ಚಳಿಗೆ ಅಂತ ಉಳಿದುಕೊಂಡದ್ದು ತುಟಿಯಲ್ಲೂ ಗುರುತು ಬಿಟ್ಟಿರಬಹುದು.

ಮುಖದ ಆಕಾರವನ್ನು ನೂರಾರು ಜೀನುಗಳು ಸೇರಿ ಮಾಡುತ್ತವೆ. ಅದರಲ್ಲಿ ಇಂಥ ತುಣುಕುಗಳು ಬೆರಳೆಣಿಕೆ. ಒಂದೊಂದರ ಕೆಲಸ ಒಂದು ಚಿಟಿಕೆಯಷ್ಟು.

ಮೂಡಿಗೆರೆ ತೋಟ | ಸೋಮವಾರ ಬೆಳಗ್ಗೆ 6:15

ರಾತ್ರಿಯೇ ಓದಿದೆ. ಬೆಳಗಾಗುವವರೆಗೂ ಇದೇ ತಲೆಯಲ್ಲಿ ತಿರುಗುತ್ತಿತ್ತು. ಅರಕಲಗೂಡಿನವರೇ, ನಿಮ್ಮ ಮಗನಿಗೆ ನನ್ನ ತೋಟದ ಭಾಷೆಯಲ್ಲಿ ಹೇಳುತ್ತೇನೆ.

ನಮ್ಮ ಕಡೆ ಹಳೆ ಅರೇಬಿಕಾ ಕಾಫಿ ತೋಟ ಅಂದರೆ ಎಸ್. 795 ಅನ್ನುವ ತಳಿ. ನಾವೆಲ್ಲ ಸೆವೆನ್ ನೈಂಟಿ ಫೈವ್ ಅಂತಲೇ ಕರೆಯೋದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ್ದು. 1925ರಲ್ಲಿ ಆ ಕೇಂದ್ರ ಶುರುವಾಗಿದ್ದೇ ಎಲೆ ತುಕ್ಕು ರೋಗಕ್ಕೆ ಏನಾದರೂ ದಾರಿ ಹುಡುಕಲು. ಎಲೆಯ ಅಡಿಗೆ ಕಿತ್ತಳೆ ಪುಡಿ ಕೂತು ಗಿಡ ಬೋಳಾಗುತ್ತಿತ್ತು. ನಮ್ಮ ಮುತ್ತಾತನ ಕಾಲದಲ್ಲಿ ತೋಟಕ್ಕೆ ತೋಟವೇ ಹೋದ ಕಥೆ ಮನೆಯಲ್ಲಿ ಹೇಳುತ್ತಿದ್ದರು.

ಅರೇಬಿಕಾಕ್ಕೆ ಒಬ್ಬ ದೂರದ ನೆಂಟ ಇದ್ದಾನೆ, ಲೈಬೀರಿಕಾ. ನೋಡಿದರೆ ಕಾಫಿ ಗಿಡ ಅಂತಲೇ ಅನ್ನಿಸದು. ಮನೆಯೆತ್ತರದ ಮರ. ಅಂಗೈಗಿಂತ ಅಗಲ ಎಲೆ. ದಪ್ಪ ದಪ್ಪ ಹಣ್ಣು. ಇವೆರಡೂ ತಾವಾಗಿಯೇ ಬೆರೆತು ಒಂದು ಗಿಡ ಹುಟ್ಟಿತ್ತು. ಅದಕ್ಕೆ ಎಸ್. 26 ಅಂತ ಹೆಸರು. ಅದರ ಸಂತತಿಯಲ್ಲಿ ಆರಿಸಿದ್ದು ಎಸ್. 288. ಅದನ್ನು ಕೆಂಟ್ಸ್ ಅನ್ನುವ ಅರೇಬಿಕಾ ಜೊತೆ ಕೂಡಿಸಿ 1940ರ ದಶಕದಲ್ಲಿ ಬಂದದ್ದು ನಮ್ಮ 795.

ಈಗ 795 ಗಿಡದ ಮುಂದೆ ನಿಂತು ನೋಡಿ. ಎಲೆ ಅರೇಬಿಕಾ. ಹಣ್ಣು ಅರೇಬಿಕಾ. ರುಚಿಯೂ ಒಳ್ಳೆಯ ಅರೇಬಿಕಾ. ಲೈಬೀರಿಕಾ ಎಲ್ಲಿದೆ ಅಂತ ತೋರಿಸಿ ಅಂದರೆ ನಲವತ್ತು ವರ್ಷ ತೋಟ ಮಾಡಿದ ನಾನೂ ತೋರಿಸಲಾರೆ. ಆದರೆ ಒಳಗೆ ತುಕ್ಕು ರೋಗ ತಡೆಯುವ ಒಂದು ಜೀನ್ ಲೈಬೀರಿಕಾದಿಂದ ಬಂದು ಕೂತಿದೆ. ಆ ಗಿಡ ನಮ್ಮ ಮನೆಗಳನ್ನು ಎಷ್ಟೋ ವರ್ಷ ಸಾಕಿದ್ದು ಆ ತುಣುಕಿನಿಂದ. ಬರುಬರುತ್ತಾ ತುಕ್ಕು ರೋಗವೂ ಬದಲಾಗಿ 795ಕ್ಕೂ ಹತ್ತಲು ಶುರುವಾಯಿತು, ಅದು ಬೇರೆ ಮಾತು.

ಇನ್ನೂ ಒಂದು. ಅರೇಬಿಕಾ ಅನ್ನುವ ಜಾತಿಯೇ ರೋಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಅನ್ನುವ ಕಾಡು ಕಾಫಿ ಬೆರೆತು ಹುಟ್ಟಿದ್ದು. ನಾವು ಅಸಲಿ ಅಸಲಿ ಅಂತ ಬೆಲೆ ಕಟ್ಟುವುದೂ ಬೆರಕೆಯೇ.

ಕಡೂರಿನ ಹುಡುಗಿ | 7:02

ದೊಡ್ಡಪ್ಪಾ, ಇದನ್ನು ನಾನು ನಮ್ಮ ವಿಭಾಗದಲ್ಲಿ ಹೇಳಲೇಬೇಕು. ನಾವು ಪಾಠದಲ್ಲಿ ಓದುವುದೂ ಇದನ್ನೇ. ಮೊದಲ ತಲೆಮಾರಿನಲ್ಲಿ ಅರ್ಧ. ಆಮೇಲೆ ಮತ್ತೆ ಮತ್ತೆ ಒಂದೇ ಕಡೆಗೆ ಮದುವೆ ಆಗುತ್ತಾ ಹೋದರೆ ಕಾಲು, ಅರೆಕಾಲು, ಹೀಗೆ ಕರಗುತ್ತದೆ. ಉಪಯೋಗಕ್ಕೆ ಬಂದ ತುಣುಕು ಉಳಿಯುತ್ತದೆ. ತೊಂದರೆ ಕೊಡುವುದು ಉದುರುತ್ತದೆ. ಯಾವ ತೊಂದರೆಯನ್ನೂ ಕೊಡದ ಕೆಲವು ಸುಮ್ನೆ ಜೊತೆಗೆ ಬರುತ್ತವೆ.

ಮನುಷ್ಯರಲ್ಲಿ ಆ ಮೊದಲ ತಲೆಮಾರುಗಳೂ ಸಿಕ್ಕಿವೆ. ರೊಮೇನಿಯಾದ ಓಸೆ ಗುಹೆಯಲ್ಲಿ ಸುಮಾರು 40,000 ವರ್ಷ ಹಳೆಯ ದವಡೆ ಸಿಕ್ಕಿತು. ಅವನ ಡಿಎನ್‌ಎಯಲ್ಲಿ ಶೇ. 6ರಿಂದ 9 ನಿಯಾಂಡರ್ತಾಲ್. ಅಂದರೆ ನಾಲ್ಕರಿಂದ ಆರು ತಲೆಮಾರು ಹಿಂದೆ ಅವನ ಮನೆಯಲ್ಲೇ ಒಬ್ಬ ನಿಯಾಂಡರ್ತಾಲ್ ಅಜ್ಜನೋ ಅಜ್ಜಿಯೋ ಇದ್ದರು. ಡೆನಿಸೋವಾ ಗುಹೆಯಲ್ಲಿ ಒಬ್ಬ ಹುಡುಗಿಯ ಮೂಳೆಯ ಚೂರು ಸಿಕ್ಕಿದೆ. 2018ರಲ್ಲಿ ಅದರ ಡಿಎನ್‌ಎ ಓದಿದಾಗ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಸುಮಾರು 90,000 ವರ್ಷಗಳ ಹಿಂದಿನ ಒಂದು ಸಂಸಾರದ ಅಪ್ಪ ಅಮ್ಮ ಯಾರು ಅಂತ ಒಂದು ಮೂಳೆಯ ಚೂರು ಹೇಳಿಬಿಟ್ಟಿತು.

ಹಾಸನ ಹಲ್ಲಿನ ಡಾಕ್ಟರ್ | 1:40

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಹಲ್ಲಿನ ಮಾತು ಬಂದದ್ದಕ್ಕೆ ಎರಡು ವಿಷಯ.

ಕೆಲವರ ಮುಂದಿನ ಹಲ್ಲಿನ ಹಿಂಭಾಗ ಗುದ್ದಲಿಯ ಹಾಗೆ ಗುಳಿಯಾಗಿರುತ್ತದೆ. ನಿಯಾಂಡರ್ತಾಲರ ಹಲ್ಲೂ ಹಾಗೇ ಇತ್ತು. ಆದ್ದರಿಂದ ಅವರಿಂದಲೇ ಬಂತು ಅಂತ ಜನ ಬರೆದುಬಿಡುತ್ತಾರೆ. ಅದು ತಪ್ಪು. ಚೀನಾ, ಕೊರಿಯಾ, ಜಪಾನಿನ ಕಡೆ ಈ ಹಲ್ಲು ಜಾಸ್ತಿ ಇರುವುದಕ್ಕೆ ಮುಖ್ಯ ಕಾರಣ ಇಡಿಎಆರ್ ಅನ್ನುವ ಜೀನಿನ ಒಂದು ಬದಲಾವಣೆ. ಅದು ಪೂರ್ವ ಏಷ್ಯಾದ ಮನುಷ್ಯರಲ್ಲೇ ಆಮೇಲೆ ಹುಟ್ಟಿದ್ದು. ಅದರಿಂದ ಕೂದಲು ದಪ್ಪ, ಬೆವರಿನ ಗ್ರಂಥಿಯೂ ಜಾಸ್ತಿ. ಒಂದೇ ಥರ ಕಾಣುವುದು ಬೇರೆ ಬೇರೆ ದಾರಿಯಲ್ಲಿ ಬರಬಹುದು. ಅರಕಲಗೂಡಿನವರು ಇದನ್ನು ಗಮನಿಸಿ, ಹುಬ್ಬಿನ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು ನಿಜವಾದ ನಿಯಾಂಡರ್ತಾಲ್ ಹಲ್ಲಿನ ಸುದ್ದಿ. ಮೂಗಿನ ಮೇಲೆ ಕೆಲಸ ಮಾಡಿದ ಸಂಶೋಧಕರ ಬಳಗವೇ ಕೊಲಂಬಿಯಾದ ಸುಮಾರು 900 ಜನರ ಹಲ್ಲಿನ ಅಚ್ಚು ತೆಗೆದು ಅಳೆಯಿತು. ಒಂದು ಜೀನಿನ ನಿಯಾಂಡರ್ತಾಲ್ ಮೂಲದ ರೂಪ ಇದ್ದವರ ಬಾಚಿಹಲ್ಲು ಸ್ವಲ್ಪ ತೆಳು. ಅದು ಯುರೋಪಿನ ಮೂಲದವರಲ್ಲಿ ಮಾತ್ರ ಕಂಡಿತು. ನಿಯಾಂಡರ್ತಾಲರ ಬಾಚಿಹಲ್ಲು ನಮ್ಮದಕ್ಕಿಂತ ದೊಡ್ಡದು. ಅವರಿಂದ ಬಂದ ತುಣುಕು ನಮ್ಮಲ್ಲಿ ಹಲ್ಲನ್ನು ತೆಳುವಾಗಿಸಿದೆ. ಅವರ ತುಣುಕು ಬಂದರೆ ಅವರ ಆಕಾರವೇ ಬರಬೇಕು ಅಂತ ಏನಿಲ್ಲ. ನಮ್ಮ ಮೈಯ ಉಳಿದ ಜೀನುಗಳ ನಡುವೆ ಕೂತು ಅದು ಕೆಲಸ ಮಾಡುತ್ತದೆ.

ಅರಸೀಕೆರೆ ತೆಂಗು | 2:15

ಎಲ್ಲ ಕೇಳುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು. ಎಂಆರ್‌ಐ ಯುರೋಪಿನವರದ್ದು. ಮೂಗು, ಹಲ್ಲು ಲ್ಯಾಟಿನ್ ಅಮೆರಿಕದ ಕಡೆಯವರದ್ದು. ನಮ್ಮ ಹಾಸನ ಜಿಲ್ಲೆಯ ಹುಡುಗನ ಮುಖಕ್ಕೆ ಅದನ್ನು ಹೇಗೆ ತಂದು ಹಚ್ಚುತ್ತೀರಿ?

ಕಡೂರಿನ ಹುಡುಗಿ | 2:50

ಹಚ್ಚಬಾರದು ಅಂಕಲ್. ನಿಮ್ಮ ಮಾತು ಸರಿ. ಒಂದು ಕಡೆಯ ಜನರಲ್ಲಿ ಕಂಡದ್ದು ಇನ್ನೊಂದು ಕಡೆ ಅದೇ ಅಳತೆಯಲ್ಲಿ ಕೆಲಸ ಮಾಡುವುದಿಲ್ಲ. ಹಲ್ಲಿನ ಉದಾಹರಣೆಯಲ್ಲೇ ನೋಡಿದಿರಲ್ಲ. ಬೆರಳು ಒಳಕ್ಕೆ ಮಡಚಿಕೊಳ್ಳುವ ಡ್ಯುಪ್ಯುಟ್ರೆನ್ ಅನ್ನುವ ತೊಂದರೆಯೂ ಹಾಗೆ. ಉಂಗುರ ಬೆರಳು, ಕಿರುಬೆರಳು ನೆಟ್ಟಗೆ ಚಾಚಲು ಆಗುವುದಿಲ್ಲ. ಉತ್ತರ ಯುರೋಪಿನ ವಯಸ್ಸಾದ ಗಂಡಸರಲ್ಲಿ ಜಾಸ್ತಿ. 2023ರಲ್ಲಿ ಅದರ ಹಿಂದೆ ನಿಯಾಂಡರ್ತಾಲ್ ಮೂಲದ ಮೂರು ರೂಪಗಳು ಕಂಡವು, ಎರಡು ತುಂಬಾ ಬಲವಾದವು. ನಮ್ಮ ಕಡೆ ಆ ತೊಂದರೆ ಅಪರೂಪ.

ಆದರೆ ನಮ್ಮವರ ಮೇಲೂ ಕೆಲಸ ಆಗಿದೆ. ಭಾರತದ 2,700ಕ್ಕೂ ಹೆಚ್ಚು ಜನರ ಪೂರ್ತಿ ಡಿಎನ್‌ಎ ಓದಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಪ್ರಿಯಾ ಮೂರ್ಜಾನಿ ಅವರ ತಂಡದ್ದು. ಹೆಚ್ಚಿನ ಭಾಷೆಗಳ, ಬಹಳ ರಾಜ್ಯಗಳ ಜನ ಅದರಲ್ಲಿದ್ದಾರೆ. ಎಲ್ಲರಲ್ಲೂ ಶೇ. 1ರಿಂದ 2ರಷ್ಟು ನಿಯಾಂಡರ್ತಾಲ್ ಮತ್ತು ಡೆನಿಸೋವನ್ ಪಾಲು ಇದೆ. ನಿಯಾಂಡರ್ತಾಲ್ ತುಣುಕುಗಳ ವೈವಿಧ್ಯ ನಮ್ಮಲ್ಲಿ ಬೇರೆ ಕಡೆಗಿಂತ ಜಾಸ್ತಿ.

ಚಿಕ್ಕಮಗಳೂರು ಸಿಸ್ಟರ್ | 5:30

ನಾನು ಆಸ್ಪತ್ರೆಯಲ್ಲಿ ನರ್ಸ್. 2021ರ ಎರಡನೇ ಅಲೆಯಲ್ಲಿ ಕೋವಿಡ್ ವಾರ್ಡಿನಲ್ಲಿದ್ದೆ. ಒಂದೇ ಮನೆಯ ಅಪ್ಪ ಮಗ ಒಟ್ಟಿಗೆ ಬಂದಿದ್ದರು. ಎಪ್ಪತ್ತರ ಅಪ್ಪ ನಾಲ್ಕು ದಿನಕ್ಕೆ ಎದ್ದು ಕೂತರು. ಮೂವತ್ತೈದರ ಮಗ ಆಕ್ಸಿಜನ್ ಮೇಲೆ ಮೂರು ವಾರ ಇದ್ದ, ಉಳಿದುಕೊಂಡ. ಆ ಅಪ್ಪ ಪ್ರತಿ ದಿನ "ಯಾಕಮ್ಮಾ ಅವನಿಗೆ ಹೀಗೆ?" ಅಂತ ಕೇಳುತ್ತಿದ್ದರು. ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಆಮೇಲೆ ಎಲ್ಲೋ ನಿಯಾಂಡರ್ತಾಲ್ ಜೀನು ಅಂತ ಓದಿದೆ. ಅದು ಇದೇನಾ?

ಕಡೂರಿನ ಹುಡುಗಿ | 6:10

ಹೌದು ಅಕ್ಕಾ. ಮೂರನೇ ವರ್ಣತಂತುವಿನಲ್ಲಿ ಸುಮಾರು 50,000 ಅಕ್ಷರ ಉದ್ದದ ಒಂದು ತುಣುಕು. ಡಿಎನ್‌ಎಯ ಅಕ್ಷರ ಅಂತ ತಿಳಿಯಿರಿ. 2020ರಲ್ಲಿ ಹ್ಯೂಗೋ ಝೀಬರ್ಗ್ ಮತ್ತು ಪಾಬೊ ಅದು ನಿಯಾಂಡರ್ತಾಲರಿಂದ ಬಂದದ್ದು ಅಂತ ತೋರಿಸಿದರು. ಕ್ರೊಯೇಷಿಯಾದ ವಿಂದಿಯಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ ಮೂಳೆಯ ಡಿಎನ್‌ಎಗೆ ತುಂಬಾ ಹತ್ತಿರ. ಇದು ಇದ್ದವರಿಗೆ ಕೋವಿಡ್ ಜೋರಾಗಿ ಉಸಿರಾಟದ ತೊಂದರೆ ಆಗುವ ಸಾಧ್ಯತೆ ಜಾಸ್ತಿ. ಯುರೋಪಿನಲ್ಲಿ ಸುಮಾರು ಶೇ. 16 ಜನರಲ್ಲಿ ಇದೆ. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ. ಬಾಂಗ್ಲಾದೇಶದಲ್ಲಿ ಶೇ. 63. ಚೀನಾ ಜಪಾನಿನ ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಆ ಒಬ್ಬ ಮಗನಿಗೆ ಅದರಿಂದಲೇ ಆಯಿತು ಅಂತ ಮಾತ್ರ ಯಾರೂ ಹೇಳಬಾರದು. ವಯಸ್ಸು, ಸಕ್ಕರೆ ಕಾಯಿಲೆ, ಮೈಗೆ ಹೊಕ್ಕ ವೈರಸ್ಸಿನ ಪ್ರಮಾಣ, ಎಲ್ಲ ಸೇರುತ್ತದೆ. ಹನ್ನೆರಡನೇ ವರ್ಣತಂತುವಿನಲ್ಲಿ ಇನ್ನೊಂದು ನಿಯಾಂಡರ್ತಾಲ್ ತುಣುಕು ಇದೆ. ಅದು ಇದ್ದವರಿಗೆ ಕೋವಿಡ್ ಜೋರಾಗುವುದು ಕಡಿಮೆ. ಕೊಟ್ಟವರು ಒಬ್ಬರೇ, ಒಂದು ಕಷ್ಟ ಕೊಡುತ್ತದೆ, ಇನ್ನೊಂದು ಕಾಪಾಡುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ಹಿಡಿಯುವ ಜೀನಿನ ನಿಯಾಂಡರ್ತಾಲ್ ರೂಪ, ಯುರೋಪಿನ ಸುಮಾರು ಮೂವರಲ್ಲಿ ಒಬ್ಬ ಹೆಂಗಸಿಗೆ ಇದೆ. ಅವರಲ್ಲಿ ಬಸಿರಿನ ಮೊದಲ ತಿಂಗಳುಗಳ ರಕ್ತಸ್ರಾವ ಕಡಿಮೆ, ಗರ್ಭಪಾತ ಕಡಿಮೆ.

ಚಿಕ್ಕಮಗಳೂರು ಸಿಸ್ಟರ್ | 6:25

ಓದಿ ಕಣ್ಣು ತುಂಬಿತು. ಆ ಅಪ್ಪ ಈಗಲೂ ಸಂತೆಯಲ್ಲಿ ಸಿಗುತ್ತಾರೆ. ಸಿಕ್ಕಾಗ ಇಷ್ಟನ್ನಾದರೂ ಹೇಳುತ್ತೇನೆ.

ಹೊಸ ಸದಸ್ಯ, ತರೀಕೆರೆ | ರಾತ್ರಿ 8:00

ಈ ನಿಯಾಂಡರ್ತಾಲ್ ಅಂಶ ಯಾವ ಜಾತಿಯವರಲ್ಲಿ ಜಾಸ್ತಿ ಅಂತ ಲೆಕ್ಕ ಇದೆಯಾ? ನಮ್ಮ ಕಡೆ ಮುಖ, ಮೂಗು ನೋಡಿಯೇ ಯಾರ ಪೈಕಿ ಅಂತ ಹೇಳುತ್ತಾರಲ್ಲ, ಅದಕ್ಕೆ ಕೇಳಿದೆ.

ಬೇಲೂರು ವಿಜ್ಞಾನ ಟೀಚರ್ | 8:35

ನೀವು ತಿಳಿಯಲು ಕೇಳಿದ್ದೀರಿ ಅಂತ ನಂಬಿ ಉತ್ತರಿಸುತ್ತೇನೆ. ವರ್ಷಗಳನ್ನು ಜೋಡಿಸಿ ನೋಡಿ. ನಿಯಾಂಡರ್ತಾಲರ ಜೊತೆ ಬೆರೆತದ್ದು ಸುಮಾರು 50,500ರಿಂದ 43,500 ವರ್ಷಗಳ ಹಿಂದೆ. ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಕೇಂದ್ರ ಮತ್ತು ಅಮೆರಿಕದ ಹಾರ್ವರ್ಡ್‌ನವರು ಸೇರಿ 2013ರಲ್ಲಿ ತೋರಿಸಿದ ಲೆಕ್ಕ ಇನ್ನೊಂದು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಎಲ್ಲ ಗುಂಪುಗಳೂ ಒಂದರೊಳಗೊಂದು ಧಾರಾಳವಾಗಿ ಬೆರೆತಿವೆ. ಒಳಗೊಳಗೇ ಮದುವೆಯ ಕಟ್ಟು ಬಿಗಿಯಾದದ್ದು ಅದಾದ ಮೇಲೆ. ನಿಯಾಂಡರ್ತಾಲ್ ಅಜ್ಜಿ ನಮ್ಮ ಮನೆಗೆ ಬಂದಾಗ ಈ ಹೆಸರುಗಳು ಒಂದೂ ಇರಲಿಲ್ಲ.

ಮೂಗು ಅಳೆದು ಜನರನ್ನು ಮೇಲೆ ಕೆಳಗೆ ಮಾಡುವ ಕೆಲಸವನ್ನು ಬ್ರಿಟಿಷರ ಕಾಲದಲ್ಲಿ ಹರ್ಬರ್ಟ್ ರಿಸ್ಲಿ ಅನ್ನುವ ಅಧಿಕಾರಿ ಮಾಡಿದ್ದ. 1901ರ ಜನಗಣತಿ ಅವನ ಕೈಯಲ್ಲಿತ್ತು. ಆ ಲೆಕ್ಕ ಪೂರಾ ತಪ್ಪು. ಅದನ್ನು ಡಿಎನ್‌ಎ ಹೆಸರಿನಲ್ಲಿ ನಾವು ಮತ್ತೆ ಶುರು ಮಾಡಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹೊಸ ಸದಸ್ಯ, ತರೀಕೆರೆ | 8:50

ಅರ್ಥವಾಯಿತು ಮೇಡಂ. ರಿಸ್ಲಿ ವಿಷಯ ಮೊದಲ ಸಲ ಕೇಳಿದ್ದು. ಹುಡುಕಿ ಓದುತ್ತೇನೆ.

ಸಕಲೇಶಪುರ ಮಳೆ | 9:05

ಅರಕಲಗೂಡಿನಿಂದ ಕುಶಾಲನಗರದ ದಾರಿ ಹಿಡಿದರೆ ಬೈಲುಕುಪ್ಪೆ. ಅಲ್ಲಿನ ಟಿಬೆಟಿಯನ್ನರ ಬಗ್ಗೆ ಇಂಥದ್ದೇ ಏನೋ ಕೇಳಿದ ನೆನಪು?

ಕಡೂರಿನ ಹುಡುಗಿ | 9:20

ಹೌದು. ಇಪಿಎಎಸ್1 ಜೀನು, 2014ರ ಸಂಶೋಧನೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಟಿಬೆಟಿನವರು ಅದಕ್ಕೆ ಎರಡರಷ್ಟು ಎತ್ತರದಲ್ಲಿ ಬಾಳುತ್ತಾರೆ. ಅಲ್ಲಿ ನಮ್ಮ ಮೈ ಕೆಂಪು ರಕ್ತಕಣ ವಿಪರೀತ ಹೆಚ್ಚಿಸಿಕೊಂಡು ರಕ್ತ ಗಟ್ಟಿಯಾಗುತ್ತದೆ. ಟಿಬೆಟಿಯನ್ನರಲ್ಲಿ ಬಹುಪಾಲು ಜನಕ್ಕೆ ಹಾಗೆ ಆಗದಂತೆ ತಡೆಯುವ ರೂಪ ಇದೆ. ಅದು ಬಂದದ್ದು ಡೆನಿಸೋವನ್ನರಿಂದ. ಟಿಬೆಟ್ ಪ್ರಸ್ಥಭೂಮಿಯ ಗುಹೆಯೊಂದರಲ್ಲಿ 1980ರಲ್ಲಿ ಒಬ್ಬ ಬೌದ್ಧ ಸನ್ಯಾಸಿಗೆ ಸಿಕ್ಕಿದ್ದ ದವಡೆ ಡೆನಿಸೋವನ್ನರದ್ದು ಅಂತ 2019ರಲ್ಲಿ ತಿಳಿಯಿತು. ಕನಿಷ್ಠ 1,60,000 ವರ್ಷ ಹಳೆಯದು.

ಅರಕಲಗೂಡಿನವ | ಮಂಗಳವಾರ ರಾತ್ರಿ 9:10

ನಿನ್ನೆ ಇವತ್ತು ಎರಡೂ ರಾತ್ರಿ ಮಗನ ಪಕ್ಕ ಕೂತು ಎಲ್ಲವನ್ನೂ ಓದಿದೆವು. ಶಾನಿದಾರ್ ಮುದುಕನ ಕಥೆಯನ್ನು ಎರಡು ಸಲ ಓದಿಸಿದ. ನಮ್ಮ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಊಟ ಮಾಡಿಸುತ್ತಿದ್ದವನು ಇವನೇ. ಅದಕ್ಕೇ ಇರಬೇಕು.

ಗದ್ದ ಮುಟ್ಟಿ ನೋಡಿಕೊಂಡ. ನಾನೂ ಮುಟ್ಟಿ ನೋಡಿಕೊಂಡೆ. ಇವತ್ತು ಶಾಲೆಯಲ್ಲಿ ಒಬ್ಬ ಮತ್ತೆ ಹಾಗೆ ಕರೆದನಂತೆ. "ನಿನ್ನಲ್ಲೂ ಶೇ. 2 ಇದೆ, ಟೀಚರನ್ನ ಕೇಳು" ಅಂದನಂತೆ. ಆ ಹುಡುಗ ನಿಜವಾಗಿಯೂ ಹೋಗಿ ಕೇಳಿದನಂತೆ. ಟೀಚರು ಹೌದು ಅಂದರಂತೆ. ಆಮೇಲೆ ಕ್ಲಾಸಿನಲ್ಲಿ ಅರ್ಧ ಗಂಟೆ ಇದೇ ಮಾತಾಯಿತಂತೆ.

ಅವನ ಒಂದು ಪ್ರಶ್ನೆ ಇದೆ. ಅವನ ಮಾತಿನಲ್ಲೇ ಬರೆಯುತ್ತೇನೆ: "ಒಬ್ಬೊಬ್ಬರಲ್ಲಿ ಒಂದೊಂದು ತುಣುಕು ಇದ್ರೆ, ಎಲ್ಲರದ್ದೂ ಕೂಡಿಸಿದ್ರೆ ಪೂರ್ತಿ ಒಬ್ಬ ನಿಯಾಂಡರ್ತಾಲ್ ಸಿಗ್ತಾನಾ?"

ಕಡೂರಿನ ಹುಡುಗಿ | 9:45

ತಮ್ಮಾ, ನಿನ್ನ ಪ್ರಶ್ನೆಯನ್ನೇ ದೊಡ್ಡ ದೊಡ್ಡ ಲ್ಯಾಬುಗಳು ಕೇಳಿಕೊಂಡಿವೆ. ಪೂರ್ತಿ ಸಿಗುವುದಿಲ್ಲ. ಅರ್ಧ ಸಿಗುತ್ತಾನೆ. ಮೇಲೆ ಹೇಳಿದ ಭಾರತದ ಅಧ್ಯಯನದಲ್ಲಿ 2,700 ಜನರ ತುಣುಕುಗಳನ್ನು ಜೋಡಿಸಿದಾಗ ನಿಯಾಂಡರ್ತಾಲರ ಡಿಎನ್‌ಎಯಲ್ಲಿ ಸುಮಾರು ಅರ್ಧ ಭಾಗ ಸಿಕ್ಕಿತು. ಡೆನಿಸೋವನ್ನರದ್ದು ಸುಮಾರು ಐದರಲ್ಲಿ ಒಂದು ಭಾಗ. ಬೀದಿಯಲ್ಲಿ ನಡೆದುಹೋಗುವ ನಮ್ಮ ಜನರ ಒಳಗೇ ಅದು ಹಂಚಿಹೋಗಿದೆ.

ಉಳಿದರ್ಧ ಸಿಗದಿರಲು ಒಂದು ಕಾರಣ ಗೊತ್ತಾ? ನಮ್ಮ ಡಿಎನ್‌ಎಯಲ್ಲಿ ಅವರ ತುಣುಕು ಒಂದೂ ಇಲ್ಲದ ಉದ್ದುದ್ದ ಜಾಗಗಳಿವೆ. ಸಂಶೋಧಕರು ಅದನ್ನು ಮರುಭೂಮಿ ಅಂತ ಕರೆಯುತ್ತಾರೆ. ಎಕ್ಸ್ ವರ್ಣತಂತುವಿನಲ್ಲಿ ತುಂಬಾ ಕಡಿಮೆ. ಮಾತಿಗೆ ಸಂಬಂಧಪಟ್ಟ ಫಾಕ್ಸ್‌ಪಿ2 ಜೀನಿನ ಸುತ್ತ ಇಲ್ಲ. ಅಲ್ಲಿಗೆ ಬಂದ ತುಣುಕುಗಳು ಮೊದಲ ಕೆಲವು ತಲೆಮಾರುಗಳಲ್ಲೇ ಉದುರಿಹೋದವು.

ಮುಂದೆ ಏನು ಓದಬೇಕು ಅಂತ ಯೋಚನೆ ಬಂದರೆ ನನಗೆ ಬರಿ. ಖುಷಿಯಿಂದ ಹೇಳುತ್ತೇನೆ.

ಮೂಡಿಗೆರೆ ತೋಟ | 10:00

ಅರಕಲಗೂಡಿನವರೇ, ಭಾನುವಾರ ಅಂಗಡಿ ರಜೆ ತಾನೇ? ಮಗನನ್ನು ಕರೆದುಕೊಂಡು ತೋಟಕ್ಕೆ ಬನ್ನಿ. ನಮ್ಮ ಗೇಟಿನ ಪಕ್ಕ ಒಂದು ಹಳೆ ಲೈಬೀರಿಕಾ ಮರ ಇದೆ, ಅಪ್ಪ ಕಡಿಯಲು ಬಿಟ್ಟಿರಲಿಲ್ಲ. ಅದರ ಹಿಂದಿನ ಪಟ್ಟಿಯಲ್ಲೇ 795. ಎರಡನ್ನೂ ಪಕ್ಕ ಪಕ್ಕ ನೋಡಲಿ. ಊಟ ನಮ್ಮಲ್ಲೇ.

ಬೇಲೂರು ವಿಜ್ಞಾನ ಟೀಚರ್ | 10:06

ನಾನೂ ಬರಬಹುದಾ? ನಮ್ಮ ಶಾಲೆಯ ಐದಾರು ಮಕ್ಕಳಿದ್ದಾರೆ.

ಮೂಡಿಗೆರೆ ತೋಟ | 10:08

ಎಲ್ಲರನ್ನೂ ಕರೆತನ್ನಿ ಟೀಚರ್. ಜಿಗಣೆಗೆ ಉಪ್ಪು, ಸುಣ್ಣ ನಾನು ಇಟ್ಟಿರುತ್ತೇನೆ. ಮಕ್ಕಳಿಗೆ ಉದ್ದ ಪ್ಯಾಂಟು ಹಾಕಿಸಿ.

ಅರಕಲಗೂಡಿನವ | 10:20

ಬೆಳಗ್ಗೆ ಆರಕ್ಕೆ ಹೊರಡುತ್ತೇವೆ. ಮಗ ಈಗಲೇ ನನ್ನ ಅಂಗಡಿಯ ಅಳತೆ ಟೇಪು ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಾನೆ. ಎರಡೂ ಗಿಡದ ಎಲೆ ಅಳೆದು ಬರೆದುಕೊಳ್ಳಬೇಕಂತೆ. ಎಷ್ಟು ಎಲೆ ಅಳೆದರೆ ಸಾಕು ಅಂತ ಕಡೂರಿನ ಅಕ್ಕನನ್ನು ಕೇಳಲು ಹೇಳಿದ.

ಕಡೂರಿನ ಹುಡುಗಿ | 10:31

ಒಂದೊಂದರಲ್ಲಿ ಮೂವತ್ತು ಎಲೆ. ಬೇರೆ ಬೇರೆ ಕೊಂಬೆಯಿಂದ, ಬಲಿತ ಎಲೆ ಮಾತ್ರ. ಉದ್ದ, ಅಗಲ ಎರಡೂ ಬರೆದುಕೋ ತಮ್ಮಾ. ಪಟ್ಟಿಯ ಫೋಟೋ ಇಲ್ಲೇ ಹಾಕು.